ಹರಿಕೇನ್‌ಗೆ ಮರ ಬಿದ್ದ ಜಾಗದಲ್ಲಿ ಏನು ನೆಡಬೇಕು: ಟ್ಯಾಂಪಾ ಬೇ ಕಡೆಯವರಿಗೆ

2024ರ ಸೆಪ್ಟೆಂಬರ್ 26ಕ್ಕೆ ಫ್ಲೋರಿಡಾಕ್ಕೆ ಹೆಲೀನ್ ಹರಿಕೇನ್ ಬಂತು, ಅಕ್ಟೋಬರ್ 9ರ ರಾತ್ರಿ ಮಿಲ್ಟನ್ ಬಂತು. ನಡುವೆ ಎರಡು ವಾರವೂ ಇರಲಿಲ್ಲ. ಹೆಲೀನ್ ಕಡಲ ನೀರನ್ನು ಪಿನೆಲಸ್ ಕೌಂಟಿಯ ತಗ್ಗು ಬಡಾವಣೆಗಳ ಅಂಗಳಕ್ಕೆ ನುಗ್ಗಿಸಿತು. ಮಿಲ್ಟನ್ ಬಂದಾಗ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ 18 ಇಂಚಿಗೂ ಜಾಸ್ತಿ ಮಳೆ ಸುರಿಯಿತು, ಆ ನೆನೆದ ಮಣ್ಣಿನ ಮೇಲೆ ಗಾಳಿ ಬೀಸಿತು. ದೊಡ್ಡ ದೊಡ್ಡ ಮರಗಳು ಬೇರುಸಮೇತ ಮಗುಚಿಕೊಂಡವು. ಈಗ ಬೊಡ್ಡೆ ತೆಗೆಸಿ ಆಗಿದೆ, ಹುಲ್ಲಿನ ಮಧ್ಯೆ ಬೋಳು ಜಾಗ ಇದೆ, ಪಶ್ಚಿಮದ ಬಿಸಿಲು ನೇರ ಹಾಲ್‌ಗೆ ಹೊಡೀತಿದೆ, ಎಸಿ ಬಿಲ್ ಏರಿದೆ. ಎಲ್ಲರೂ ಕೇಳುವುದು ಒಂದೇ: "ಗಾಳಿಗೆ ಬೀಳದ ಮರ ಯಾವುದು ಹೇಳಿ, ಅದನ್ನೇ ಹಾಕೋಣ."

ಗಾಳಿಗೆ ಬೀಳದ ಮರ ಅಂತ ಯಾವುದೂ ಇಲ್ಲ. ಕಡಿಮೆ ಬೀಳುವ ಮರಗಳು ಖಂಡಿತ ಇವೆ, ಅವುಗಳ ಪಟ್ಟಿ ಕೆಳಗೆ ಬರುತ್ತದೆ. ಆದರೆ ಪಟ್ಟಿ ನೋಡುವ ಮೊದಲು ಅಳತೆ ಟೇಪ್ ತಗೊಂಡು ಹೊರಗೆ ಹೋಗಿ. ಎಂಥ ಗಟ್ಟಿ ಜಾತಿಯ ಮರವಾದರೂ ಬೇರು ಹರಡಲು ಜಾಗ ಇಲ್ಲದಿದ್ದರೆ ಬೀಳುತ್ತದೆ. ಜಾಗ ಮೊದಲು, ಮರ ಆಮೇಲೆ. ಈ ಬರಹದಲ್ಲಿ ನಾನು ಹೇಳಬೇಕಾದ ಮುಖ್ಯ ವಿಷಯ ಇದೇ, ಉಳಿದದ್ದೆಲ್ಲ ಇದರ ವಿವರ.

ಇದು ಬರೀ ನನ್ನ ಅನಿಸಿಕೆ ಅಲ್ಲ. ಫ್ಲೋರಿಡಾ ವಿಶ್ವವಿದ್ಯಾಲಯದ ತಜ್ಞರು 1992ರ ಆಂಡ್ರ್ಯೂ ಹರಿಕೇನ್‌ನಿಂದ ಶುರುಮಾಡಿ 2004, 2005ರ ಸಾಲು ಸಾಲು ಹರಿಕೇನ್‌ಗಳವರೆಗೆ, ಪ್ರತಿ ಸಲ ಗಾಳಿ ನಿಂತ ಮೇಲೆ ಬೀದಿಗಳಲ್ಲಿ ಓಡಾಡಿ ಯಾವ ಮರ ಬಿತ್ತು, ಯಾವುದು ನಿಂತಿತು ಅಂತ ಎಣಿಸಿದ್ದಾರೆ. ಜಾತಿಯಿಂದ ಜಾತಿಗೆ ವ್ಯತ್ಯಾಸ ಇತ್ತು, ನಿಜ. ಅದರ ಜೊತೆಗೇ ಮತ್ತೆ ಮತ್ತೆ ಕಂಡ ಸಂಗತಿಗಳು ಮೂರು. ಬೇರಿಗೆ ಜಾಗ ಜಾಸ್ತಿ ಇದ್ದ ಮರ ಉಳಿಯಿತು. ಚಿಕ್ಕಂದಿನಿಂದ ಸರಿಯಾಗಿ ಸವರಿದ ಮರ ಉಳಿಯಿತು. ಒಂಟಿಯಾಗಿ ನಿಂತ ಮರಕ್ಕಿಂತ ಗುಂಪಿನಲ್ಲಿದ್ದ ಮರ ಜಾಸ್ತಿ ಉಳಿಯಿತು.

ಬಿದ್ದ ಮರವನ್ನು ಮೊದಲು ನೋಡಿ

ಮರ ಇನ್ನೂ ತೆಗೆಸಿಲ್ಲ ಅಂದರೆ, ಅಥವಾ ಫೋನಿನಲ್ಲಿ ಫೋಟೋ ಇದ್ದರೆ, ಅದು ಹೇಗೆ ಬಿದ್ದಿದೆ ನೋಡಿ. ಇನ್ಶೂರೆನ್ಸ್‌ಗೂ ಆ ಫೋಟೋ ಬೇಕು, ನಿಮಗೂ ಬೇಕು.

ಬೇರುಸಮೇತ ಎದ್ದು ಬಂದಿದೆಯಾ? ಹಾಗಾದರೆ ಬೇರಿನ ಅಗಲ ನೋಡಿ. ಒಂದು ಕಡೆ ಚೆನ್ನಾಗಿ ಹರಡಿ ಇನ್ನೊಂದು ಕಡೆ ಕತ್ತರಿಸಿದ ಹಾಗೆ ನಿಂತಿದ್ದರೆ ಆ ಕಡೆ ಡ್ರೈವ್‌ವೇಯೋ ಫುಟ್‌ಪಾತೋ ಇರುತ್ತದೆ, ಇಲ್ಲದಿದ್ದರೆ ಹಿಂದೆ ಯಾರೋ ಪೈಪ್ ಹಾಕಲು ಬೇರು ಕಡಿದಿರುತ್ತಾರೆ. ಅಲ್ಲಿ ಮತ್ತೆ ದೊಡ್ಡ ಮರ ನೆಟ್ಟರೆ ಮತ್ತೆ ಅದೇ ಕಥೆ. ಬೇರೆಲ್ಲ ಮೇಲೇ ಇದ್ದು ಆಳಕ್ಕೆ ಏನೂ ಇಳಿದಿಲ್ಲ ಅಂದರೆ ಕೆಳಗೆ ನೀರು ಹತ್ತಿರದಲ್ಲೇ ಇದೆ ಅಂತ ಅರ್ಥ. ಅಂಥ ಜಾಗಕ್ಕೆ ನೀರು ತಡೆಯುವ ಜಾತಿ ಬೇಕು.

ಕಾಂಡ ಮಧ್ಯಕ್ಕೆ ಮುರಿದು ಒಳಗೆ ಟೊಳ್ಳು ಅಥವಾ ಕಂದು ಪುಡಿ ಕಂಡರೆ ಮರಕ್ಕೆ ವಯಸ್ಸಾಗಿತ್ತು ಅಥವಾ ಹಿಂದೆ ಕೊಂಬೆಯನ್ನು ಕೆಟ್ಟದಾಗಿ ಕಡಿದಿದ್ದರು. ಈ ಕಡೆ ಹೀಗೆ ಬೀಳುವುದರಲ್ಲಿ ಲಾರೆಲ್ ಓಕ್, ವಾಟರ್ ಓಕ್ ಎರಡೂ ಮುಂದು. ಬೇಗ ಬೆಳೆಯುತ್ತವೆ, ನೆರಳು ಕೊಡುತ್ತವೆ, ಐವತ್ತು ಅರವತ್ತು ವರ್ಷಕ್ಕೆ ಒಳಗೆ ಕೊಳೆಯಲು ಶುರು. ಹಳೇ ಬಡಾವಣೆಗಳು ಕಟ್ಟಿದಾಗ ನೆಟ್ಟ ಇಂಥ ಮರಗಳೆಲ್ಲ ಈಗ ಆ ವಯಸ್ಸಿಗೆ ಬಂದಿವೆ.

ಇನ್ನೊಂದು ಥರ ಇದೆ: ಬುಡದಿಂದ ಸ್ವಲ್ಪ ಮೇಲೆ ಎರಡು ಕಾಂಡ ಸಮಾನ ದಪ್ಪಕ್ಕೆ ಬೆಳೆದು, ಅವೆರಡರ ಮಧ್ಯೆ ಸರಿಯಾಗಿ ಸೀಳಿಕೊಂಡು ಬಿದ್ದ ಮರ. ಸೀಳಿದ ಜಾಗ ಹತ್ತಿರದಿಂದ ನೋಡಿದರೆ ಒಳಗೆ ಕಪ್ಪು ತೊಗಟೆಯ ಪಟ್ಟಿ ಕಾಣುತ್ತದೆ. ಎರಡು ಕಾಂಡ ಒತ್ತಿಕೊಂಡು ಬೆಳೆಯುವಾಗ ನಡುವೆ ತೊಗಟೆ ಸಿಕ್ಕಿಹಾಕಿಕೊಂಡಿರುತ್ತದೆ. ಹೊರಗಿನಿಂದ ಒಂದೇ ಮರ, ಒಳಗೆ ಅವು ಅಂಟಿಕೊಂಡೇ ಇರುವುದಿಲ್ಲ. ಈ ತೊಂದರೆಯನ್ನು ನರ್ಸರಿಯಲ್ಲಿ ಸಸಿ ಆರಿಸುವಾಗಲೇ ತಪ್ಪಿಸಬಹುದು, ಅದಕ್ಕೆ ಮುಂದೆ ಬರುತ್ತೇನೆ.

ಚಿಕ್ಕ ಮರ ವಾಲಿದ್ದರೆ ಸುಮ್ನೆ ಕಡಿಸಬೇಡಿ. ನೆಟ್ಟು ಒಂದೆರಡು ವರ್ಷ ಆದದ್ದನ್ನು ಬೇರು ಒಣಗುವ ಮೊದಲು ಎತ್ತಿ ನಿಲ್ಲಿಸಿ, ಗೂಟ ಕೊಟ್ಟು, ಹೊಸ ಗಿಡಕ್ಕೆ ಹಾಕಿದಷ್ಟೇ ನೀರು ಹಾಕಿದರೆ ಬದುಕುತ್ತದೆ. ದೊಡ್ಡ ಮರವನ್ನು ಹೀಗೆ ಎತ್ತಿ ನಿಲ್ಲಿಸಿಕೊಡುತ್ತೇವೆ ಅಂತ ಯಾರಾದರೂ ಬಂದರೆ ಬೇಡ ಅನ್ನಿ. ಹರಿದ ಬೇರು ಮತ್ತೆ ಕೂಡುವುದಿಲ್ಲ, ಮುಂದಿನ ಗಾಳಿಗೆ ಮನೆ ಮೇಲೇ ಬೀಳುತ್ತದೆ.

ಟೇಪ್ ಹಿಡಿದು ಅಳೆಯಿರಿ

ವಿಶ್ವವಿದ್ಯಾಲಯದವರು ಕೊಡುವ ಲೆಕ್ಕ ಸುಲಭ. ಸಣ್ಣ ಮರಕ್ಕೆ ಕನಿಷ್ಠ 10 ಅಡಿಗೆ 10 ಅಡಿ ತೆರೆದ ಮಣ್ಣು ಬೇಕು. ಮಧ್ಯಮ ಮರಕ್ಕೆ 20ಕ್ಕೆ 20. ದೊಡ್ಡದಕ್ಕೆ 30ಕ್ಕೆ 30. ತೆರೆದ ಮಣ್ಣು ಅಂದರೆ ಸಿಮೆಂಟು, ಪೇವರ್, ಈಜುಕೊಳದ ಕಟ್ಟೆ, ಮನೆ ಪಾಯ ಯಾವುದೂ ಇಲ್ಲದ ಜಾಗ. ಇದು ಕನಿಷ್ಠ ಅನ್ನುವುದು ನೆನಪಿರಲಿ, ಇದಕ್ಕಿಂತ ಜಾಸ್ತಿ ಇದ್ದಷ್ಟೂ ಒಳ್ಳೆಯದು.

ಈಗ ನಿಮ್ಮ ಮನೆ ಮುಂದಿನ ಜಾಗ ಅಳೆಯಿರಿ. ವೆಸ್ಲಿ ಚಾಪೆಲ್, ರಿವರ್‌ವ್ಯೂ ಕಡೆಯ ಹೊಸ ಕಮ್ಯುನಿಟಿಗಳಲ್ಲಿ ಡ್ರೈವ್‌ವೇ ಮತ್ತು ಪಕ್ಕದ ಮನೆಯ ಗಡಿ ನಡುವೆ ಎಷ್ಟೋ ಕಡೆ ಹತ್ತು ಹನ್ನೆರಡು ಅಡಿಯೇ ಇರುವುದು. ಫುಟ್‌ಪಾತ್‌ಗೂ ರಸ್ತೆಗೂ ಮಧ್ಯದ ಹುಲ್ಲಿನ ಪಟ್ಟಿ ಇನ್ನೂ ಕಿರಿದು. ಬಿಲ್ಡರ್‌ಗಳು ಅಲ್ಲೇ ಲೈವ್ ಓಕ್ ನೆಟ್ಟು ಹೋಗಿರುತ್ತಾರೆ. ಲೈವ್ ಓಕ್ ಗಾಳಿಗೆ ಗಟ್ಟಿ ಅನ್ನುವುದು ಸರಿ, ಆದರೆ ಅದು ಅಗಲಕ್ಕೆ ಅರವತ್ತು ಅಡಿ, ಇನ್ನೂ ಜಾಸ್ತಿ ಹೋಗುವ ಮರ. ಆ ಪಟ್ಟಿಯಲ್ಲಿ ಫುಟ್‌ಪಾತ್ ಎಬ್ಬಿಸುತ್ತದೆ, ನಗರಸಭೆಯವರು ಬಂದು ಬೇರು ಕಡಿಯುತ್ತಾರೆ, ಕಡಿದ ಮೇಲೆ ಅದು ಗಟ್ಟಿ ಮರವಾಗಿ ಉಳಿಯುವುದಿಲ್ಲ. ಅಲ್ಲಿ ಬಿದ್ದದ್ದು ಲೈವ್ ಓಕ್ ಅಂತ ಮತ್ತೆ ಲೈವ್ ಓಕ್ ಹಾಕಬೇಡಿ. ಎಚ್‌ಒಎ (ಬಡಾವಣೆಯ ಮನೆಮಾಲೀಕರ ಸಂಘ) ಅದನ್ನೇ ಹಾಕಿ ಅಂದರೆ ಅಳತೆ ಬರೆದು ಕೊಟ್ಟು ಸಣ್ಣ ಜಾತಿಗೆ ಒಪ್ಪಿಗೆ ಕೇಳಿ. ಅಳತೆ ಕಾಗದದ ಮೇಲೆ ಇದ್ದರೆ ಮಾತಿಗೆ ತೂಕ ಬರುತ್ತದೆ.

ಅಳೆಯುವಾಗಲೇ ತಲೆ ಎತ್ತಿ ಮೇಲೂ ನೋಡಿ. ಕರೆಂಟ್ ವೈರ್ ಇದ್ದರೆ ಅದರ ಕೆಳಗೆ ಸಣ್ಣ ಮರ ಬಿಟ್ಟು ಬೇರೇನೂ ಬೇಡ. ಸೆಪ್ಟಿಕ್ ಟ್ಯಾಂಕ್ ಇರುವ ಮನೆಯಾದರೆ ಅದರ ನೀರು ಇಂಗುವ ಜಾಗದಿಂದ ದೂರ ಇರಿ. ಗುದ್ದಲಿ ಹಾಕುವ ಕೆಲವು ದಿನ ಮೊದಲೇ 811ಕ್ಕೆ ಫೋನ್ ಮಾಡಿ. ದುಡ್ಡು ಕೊಡಬೇಕಿಲ್ಲ, ಗ್ಯಾಸ್, ಕೇಬಲ್, ಕರೆಂಟ್ ಕಂಪನಿಯವರು ನೆಲದಡಿ ಲೈನ್ ಎಲ್ಲಿದೆ ಅಂತ ಬಣ್ಣದಲ್ಲಿ ಗುರುತು ಹಾಕಿಹೋಗುತ್ತಾರೆ.

ಹಳೇ ಬೊಡ್ಡೆ ಇದ್ದ ಗುಂಡಿಯಲ್ಲೇ ಹೊಸ ಗಿಡ ಇಡಬೇಡಿ. ಬೊಡ್ಡೆ ಅರೆದ ಮೇಲೂ ಕೆಳಗೆ ಮರದ ಚೂರು ತುಂಬಿರುತ್ತದೆ. ಅದು ಕೊಳೆಯುವಾಗ ಮಣ್ಣಿನ ಸಾರಜನಕ ಎಳೆದುಕೊಳ್ಳುತ್ತದೆ, ನೆಲವೂ ಕುಸಿಯುತ್ತದೆ. ಕೆಲವು ಅಡಿ ಪಕ್ಕಕ್ಕೆ ಸರಿಯಿರಿ. ಬಿದ್ದದ್ದು ಪಾಮ್ ಆಗಿದ್ದು, ಅದರ ಬುಡದಲ್ಲಿ ಗಟ್ಟಿಯಾದ ಅರ್ಧಚಂದ್ರದ ಆಕಾರದ ಅಣಬೆ ಬೆಳೆದಿದ್ದರೆ ಅದು ಗ್ಯಾನೊಡರ್ಮಾ, ಪಾಮ್ ಕೊಲ್ಲುವ ಶಿಲೀಂಧ್ರ. ಮಣ್ಣಿನಲ್ಲಿ ಉಳಿಯುತ್ತದೆ, ಔಷಧಿ ಇಲ್ಲ. ಆ ಜಾಗದಲ್ಲಿ ಮತ್ತೆ ಯಾವ ಪಾಮ್ ಕೂಡ ಬೇಡ, ಬೇರೆ ಮರ ನೆಡಬಹುದು.

ಹೆಲೀನ್‌ನಲ್ಲಿ ಕಡಲ ನೀರು ನಿಂತಿದ್ದ ಅಂಗಳವಾದರೆ ನೆಡುವ ಮೊದಲು ಕೌಂಟಿಯ ಎಕ್ಸ್‌ಟೆನ್ಷನ್ (ಕೃಷಿ, ತೋಟಗಾರಿಕೆ ಸಲಹೆ) ಕಚೇರಿಯಲ್ಲಿ ವಿಚಾರಿಸಿ ಮಣ್ಣಿನ ಉಪ್ಪಿನ ಪರೀಕ್ಷೆ ಮಾಡಿಸಿ. ಇಲ್ಲಿನ ಮರಳು ಮಣ್ಣಿನಲ್ಲಿ ಮಳೆ ಬಂದಂತೆ ಉಪ್ಪು ತೊಳೆದು ಹೋಗುತ್ತದೆ, ಆದರೆ ಹೋಗಿದೆಯಾ ಇಲ್ಲವಾ ಅನ್ನುವುದು ಕಣ್ಣಿಗೆ ಕಾಣುವುದಿಲ್ಲ.

ಇನ್ನು ಮರಗಳ ವಿಷಯ

30ಕ್ಕೆ 30 ಅಡಿ ನಿಜವಾಗಿ ಇದ್ದರೆ ಕಣ್ಣುಮುಚ್ಚಿ ಲೈವ್ ಓಕ್ ಹಾಕಿ. ಎತ್ತರಕ್ಕಿಂತ ಅಗಲ ಜಾಸ್ತಿ, ಮರ ಭಾರ, ನಾರು ಗಟ್ಟಿ. ಅಮೆರಿಕದ ಹಳೇ ಯುದ್ಧನೌಕೆ ಕಾನ್‌ಸ್ಟಿಟ್ಯೂಷನ್‌ನ ಒಡಲಿನ ಚೌಕಟ್ಟು ಕಟ್ಟಿದ್ದು ಇದೇ ಮರದಿಂದ. ಮೊದಮೊದಲು ನಿಧಾನ ಅನಿಸುತ್ತದೆ, ಬೇರು ಊರಿದ ಮೇಲೆ ಒಳ್ಳೇ ವೇಗದಲ್ಲೇ ಬರುತ್ತದೆ.

ಇಲ್ಲೊಂದು ಎಚ್ಚರಿಕೆ. ಚಿಕ್ಕ ಗಿಡದಲ್ಲಿ ಲೈವ್ ಓಕ್ ಮತ್ತು ಲಾರೆಲ್ ಓಕ್ ಗುರುತು ಹಿಡಿಯುವುದು ಕಷ್ಟ, ಬೆರಕೆಯೂ ಆಗುತ್ತದೆ. ಒಂದು ಎಲೆ ಕಿತ್ತು ತಿರುಗಿಸಿ. ಲೈವ್ ಓಕ್ ಎಲೆ ದಪ್ಪ, ಒರಟು, ಅಂಚು ಕೆಳಕ್ಕೆ ಸ್ವಲ್ಪ ಮಡಚಿಕೊಂಡಿರುತ್ತದೆ, ಹಿಂಬದಿ ಬೂದು ಬಣ್ಣ, ಬೆರಳಾಡಿಸಿದರೆ ಸಣ್ಣ ರೋಮ ಇರುವ ಹಾಗೆ ಅನಿಸುತ್ತದೆ. ಲಾರೆಲ್ ಓಕ್ ಎಲೆ ತೆಳು, ಚಪ್ಪಟೆ, ಎರಡೂ ಕಡೆ ಹಸಿರು, ನುಣುಪು. ಚೀಟಿಯಲ್ಲಿ ಕ್ವರ್ಕಸ್ ವರ್ಜಿನಿಯಾನಾ ಅಂತ ಇದೆಯಾ ನೋಡಿ, ಬರೀ "ಓಕ್" ಅಂತ ಇದ್ದರೆ ಬಿಟ್ಟುಬಿಡಿ.

ದೊಡ್ಡ ಜಾಗ ಇದ್ದು ಮಳೆಗಾಲದಲ್ಲಿ ನೀರು ನಿಲ್ಲುತ್ತದೆ ಅಂದರೆ ಬಾಲ್ಡ್ ಸೈಪ್ರೆಸ್. ಜವುಗಿನಲ್ಲೇ ಹುಟ್ಟಿದ ಮರ. ಚಳಿಗಾಲದಲ್ಲಿ ಎಲೆ ಪೂರ್ತಿ ಉದುರಿಸಿ ಒಣಗಿದ ಹಾಗೆ ನಿಲ್ಲುತ್ತದೆ, ಹೊಸಬರು ಸತ್ತೇಹೋಯಿತು ಅಂತ ಗಾಬರಿಯಾಗುತ್ತಾರೆ. ಮಾರ್ಚ್ ಹೊತ್ತಿಗೆ ಮೆದು ಹಸಿರು ಚಿಗುರು ಬರುತ್ತದೆ. ಮನೆಗಳ ಹಿಂದೆ ಕೆರೆ ಥರ ಇರುವ ರಿಟೆನ್ಷನ್ ಪಾಂಡ್ ಅಂಚಿಗೆ ಇದಕ್ಕಿಂತ ಒಳ್ಳೇ ಮರ ನನಗೆ ಗೊತ್ತಿಲ್ಲ. ನೀರಿನ ಹತ್ತಿರ ಬುಡದ ಸುತ್ತ ಗೂಟದ ಥರ ಬೇರು ಮೇಲೇಳುತ್ತವೆ, ಹುಲ್ಲು ಕತ್ತರಿಸುವವರಿಗೆ ಕಿರಿಕಿರಿ. ಅಂಚಿನಲ್ಲೇ ಹಾಕಿ.

ಮಧ್ಯಮ ಜಾಗಕ್ಕೆ ಸದರ್ನ್ ಮ್ಯಾಗ್ನೋಲಿಯಾ. ನಮ್ಮ ಕೆಂಡಸಂಪಿಗೆ ಈಗ ಸಸ್ಯಶಾಸ್ತ್ರದ ಪ್ರಕಾರ ಮ್ಯಾಗ್ನೋಲಿಯಾ ಕುಲಕ್ಕೇ ಸೇರಿದೆ, ಹಾಗಾಗಿ ಇದು ಹತ್ತಿರದ ನೆಂಟ. ಅಂಗೈಗಿಂತ ದೊಡ್ಡ ಬಿಳಿ ಹೂವು, ನಿಂಬೆಯ ಘಮ. ಗಾಳಿ ತಡೆಯುವ ಪಟ್ಟಿಯಲ್ಲಿ ಮೇಲಿನ ಸಾಲಿನಲ್ಲೇ ಇದೆ. ಪೂರ್ತಿ ಬೆಳೆದರೆ ದೊಡ್ಡ ಮರವೇ ಆಗುತ್ತದೆ, ಆದ್ದರಿಂದ 30ಕ್ಕೆ 30 ಅಡಿ ಇಲ್ಲದವರು 'ಲಿಟಲ್ ಜೆಮ್' ಅನ್ನುವ ಗಿಡ್ಡ ತಳಿ ಕೇಳಿ. ಎಲೆ ದಪ್ಪಗೆ ಚರ್ಮದ ಹಾಗೆ, ವರ್ಷವಿಡೀ ಸ್ವಲ್ಪ ಸ್ವಲ್ಪ ಉದುರುತ್ತಿರುತ್ತದೆ, ಗುಡಿಸಲು ತಯಾರಿರಬೇಕು.

10ಕ್ಕೆ 10 ಇರುವವರು ಬೇಜಾರು ಮಾಡಿಕೊಳ್ಳಬೇಡಿ, ನಿಮಗೇ ಆಯ್ಕೆ ಜಾಸ್ತಿ. ಕ್ರೇಪ್ ಮರ್ಟಲ್ ನಮ್ಮ ಹೊಳೆದಾಸವಾಳದ ಕುಲದ್ದೇ ಮರ. ಬೇಸಿಗೆ ಪೂರ್ತಿ ಹೂವು, ಗಾಳಿಗೆ ಬಾಗುತ್ತದೆ, ಎಲೆ ಉದುರಿಸಿಕೊಂಡು ನಿಲ್ಲುತ್ತದೆ. ಬಿಳಿ ಹೂವಿನ 'ನ್ಯಾಚೆಜ್' ತಳಿಯ ತೊಗಟೆ ಸುಲಿದು ಒಳಗಿನ ದಾಲ್ಚಿನ್ನಿ ಬಣ್ಣ ಕಾಣುವುದು ನೋಡಲೇ ಚೆಂದ. ಆದರೆ ಸಣ್ಣ ಮರದ ಲೆಕ್ಕದಲ್ಲಿ ಅದು ಎತ್ತರದ್ದು, ಮೂವತ್ತು ಅಡಿ ಮುಟ್ಟುತ್ತದೆ. ವೈರ್ ಕೆಳಗೆ ಗಿಡ್ಡ ತಳಿ ಹಾಕಿ. ಪ್ರತಿ ಚಳಿಗಾಲ ಇದರ ತಲೆ ಕಡಿದು ಮೋಟು ಮಾಡುವ ಅಭ್ಯಾಸ ಇಲ್ಲಿ ತುಂಬಾ ಇದೆ. ದಯವಿಟ್ಟು ಮಾಡಬೇಡಿ. ಕಡಿದ ಜಾಗದಲ್ಲಿ ಗೊಂಚಲು ಗೊಂಚಲಾಗಿ ಬರುವ ಚಿಗುರಿಗೆ ಹಿಡಿತವೇ ಇರುವುದಿಲ್ಲ, ಗಾಳಿಗೆ ಮೊದಲು ಮುರಿಯುವುದು ಅದೇ.

ಹಾಲಿ (holly) ಅನ್ನುವ ಮರದ ಜಾತಿಯಲ್ಲಿ ಡಹೂನ್ ಮತ್ತು ಯೋಪಾನ್ ಎರಡೂ ಇಲ್ಲಿಯವೇ, ಎರಡೂ ಗಟ್ಟಿ. ಡಹೂನ್‌ಗೆ ಒದ್ದೆ ಮಣ್ಣು ಆಗುತ್ತದೆ, ಹೆಣ್ಣು ಮರದಲ್ಲಿ ಚಳಿಗಾಲಕ್ಕೆ ಕೆಂಪು ಹಣ್ಣು, ಹಕ್ಕಿಗಳಿಗೆ ಹಬ್ಬ. ಯೋಪಾನ್ ಎಲೆಯಲ್ಲಿ ಕೆಫೀನ್ ಇದೆ, ಇಲ್ಲಿನ ಮೂಲನಿವಾಸಿಗಳು ಅದರ ಕಷಾಯ ಕುಡಿಯುತ್ತಿದ್ದರು. ಸಿಂಪ್ಸನ್ ಸ್ಟಾಪರ್ ಅಂತ ಇನ್ನೊಂದಿದೆ, ನೇರಳೆ, ಪೇರಲೆ ಮನೆತನದ್ದು. ಸಣ್ಣ ಬಿಳಿ ಹೂವಿಗೆ ಒಳ್ಳೇ ಪರಿಮಳ, ಕಿತ್ತಳೆ ಬಣ್ಣದ ಹಣ್ಣು, ಉಪ್ಪುಗಾಳಿಗೂ ಜಗ್ಗುವುದಿಲ್ಲ. ಬೇಲಿಯಾಗಿಯೂ ಬೆಳೆಸಬಹುದು, ಒಂದೇ ಕಾಂಡದ ಮರವಾಗಿಯೂ ಬೆಳೆಸಬಹುದು.

ಕಡಲಿಗೆ ಹತ್ತಿರ ಇದ್ದು ಚಳಿ ಕಡಿಮೆ ಇರುವ ಕಡೆ ಗಂಬೋ ಲಿಂಬೋ, ಸೀ ಗ್ರೇಪ್, ಬಟನ್‌ವುಡ್ ನೋಡಿ. ಗಂಬೋ ಲಿಂಬೋದ ಕೆಂಪು ತೊಗಟೆ ಹಾಳೆ ಹಾಳೆಯಾಗಿ ಸುಲಿಯುತ್ತದೆ. ಟ್ಯಾಂಪಾದಿಂದ ಒಳಕ್ಕೆ ಹೋದಂತೆ ಇವೆಲ್ಲಕ್ಕೂ ಹಿಮದ ಭಯ ಇದೆ.

ಪಾಮ್ ಬೇಕೆಂದರೆ ಸೇಬಲ್ ಪಾಮ್, ಫ್ಲೋರಿಡಾದ ರಾಜ್ಯಮರ. ಗರಿ ಹರಿದುಹೋದರೂ ಕಾಂಡ ನಿಲ್ಲುತ್ತದೆ. ಎಲ್ಲರ ಮನೆ ಮುಂದೆ ಕಾಣುವ ಕ್ವೀನ್ ಪಾಮ್, ಮತ್ತೆ ಆಕಾಶಕ್ಕೆ ಮುಟ್ಟುವ ವಾಷಿಂಗ್ಟೋನಿಯಾ ಎರಡೂ ಹರಿಕೇನ್‌ಗೆ ಸುಲಭವಾಗಿ ಬೀಳುವ ಗುಂಪಿನವು. ಆದರೆ ಬರೀ ಸೇಬಲ್ ಪಾಮನ್ನೇ ಸಾಲಾಗಿ ನೆಡಬೇಡಿ. ಲೀಥಲ್ ಬ್ರಾಂಜಿಂಗ್ ಅನ್ನುವ ರೋಗ 2006ರಿಂದ ಈ ಭಾಗದಲ್ಲಿದೆ, ಅದು ಸೇಬಲ್‌ಗೂ ಬರುತ್ತದೆ. ಒಂದೇ ಜಾತಿ ಇದ್ದರೆ ಎಲ್ಲವೂ ಒಟ್ಟಿಗೆ ಹೋಗುತ್ತವೆ.

ಜಾಗ ಇದ್ದರೆ ಗುಂಪು ಮಾಡಿ ನೆಡಿ. ಒಂದು ಮ್ಯಾಗ್ನೋಲಿಯಾ, ಅದರ ಪಕ್ಕ ಹತ್ತು ಅಡಿಯೊಳಗೆ ಎರಡು ಹಾಲಿ, ಒಂದೆರಡು ಸಿಂಪ್ಸನ್ ಸ್ಟಾಪರ್, ಕೆಳಗೆ ಪೊದೆ. ಗಾಳಿ ಒಂದೇ ಮರದ ಮೇಲೆ ಪೂರ್ತಿ ಬೀಳುವುದಿಲ್ಲ. ನೆಲದಡಿ ಬೇರುಗಳೂ ಹೆಣೆದುಕೊಳ್ಳುತ್ತವೆ. ಇಲ್ಲಿನ ಅಂಗಳಗಳಲ್ಲಿ ಹುಲ್ಲಿನ ನಡುವೆ ಒಂಟಿ ಮರ ನಿಲ್ಲಿಸುವುದೇ ಚೆಂದ ಅನ್ನುವ ರೂಢಿ ಇದೆ. ಗಾಳಿಯ ದೃಷ್ಟಿಯಿಂದ ಅದೇ ದುರ್ಬಲ ವ್ಯವಸ್ಥೆ.

ಊರಿನ ನೆನಪಿನ ಮರಗಳು

ಇದು ಹೇಳಲು ನನಗೂ ಬೇಸರವೇ. ಬೆಂಗಳೂರು, ಮೈಸೂರಿನ ರಸ್ತೆಗಳಲ್ಲಿ ನೋಡಿ ಬೆಳೆದ ಹೂಮರಗಳೆಲ್ಲ ಫ್ಲೋರಿಡಾದಲ್ಲೂ ಬೆಳೆಯುತ್ತವೆ. ಗುಲ್‌ಮೊಹರ್, ಕಕ್ಕೆ, ಜಕರಾಂಡಾ, ಹಳದಿ ಹೂವಿನ ಕಾಪರ್‌ಪಾಡ್, ನೀರುಕಾಯಿ ಮರ, ಎಸ್ಟೇಟಿನ ಸಿಲ್ವರ್ ಓಕ್. ನರ್ಸರಿಯಲ್ಲಿ ಕಂಡರೆ ಮನಸ್ಸು ಹಿಡಿಯುವುದು ಕಷ್ಟ. ಆದರೆ ಗಾಳಿ ತಡೆಯುವ ಲೆಕ್ಕದಲ್ಲಿ ಇವೆಲ್ಲ ಕೆಳಗಿನ ಸಾಲಿನಲ್ಲೇ ಇವೆ. ಬೆಂಗಳೂರಿನಲ್ಲೇ ಏಪ್ರಿಲ್, ಮೇ ತಿಂಗಳ ಮಳೆಗಾಳಿಗೆ ಕಾರಿನ ಮೇಲೆ ಬೀಳುವುದು ಹೆಚ್ಚಾಗಿ ಇಂಥವೇ ಅಲ್ವಾ, ಹರಿಕೇನ್ ಮುಂದೆ ಅವು ಎಲ್ಲಿ ನಿಲ್ಲುತ್ತವೆ? ಮನೆಯಿಂದ, ರಸ್ತೆಯಿಂದ, ವೈರಿನಿಂದ ದೂರ ಬೀಳಲು ಜಾಗ ಇರುವ ಎಕರೆಗಟ್ಟಲೆ ಜಮೀನು ನಿಮ್ಮದಾದರೆ ಗುಲ್‌ಮೊಹರ್ ಹಾಕಿ, ನಾನು ತಡೆಯುವುದಿಲ್ಲ. ಕಾಲು ಎಕರೆ ಲಾಟಿನಲ್ಲಿ ಬೇಡ.

ನಮ್ಮ ಕರಾವಳಿಯಲ್ಲಿ ಗಾಳಿಮರ ಅಂತಲೇ ಕರೆಯುವ ಕ್ಯಾಸುರಿನಾ ಇಲ್ಲಿ ನೆಡುವುದು ಕಾನೂನುಬಾಹಿರ. ನೇರಳೆ ದಕ್ಷಿಣ ಫ್ಲೋರಿಡಾದಲ್ಲಿ, ಕರ್ಪೂರದ ಮರ ಇಲ್ಲೆಲ್ಲ, ಕಾಡಿಗೆ ನುಗ್ಗಿ ಇಲ್ಲಿಯ ಗಿಡಗಳನ್ನು ಕೊಲ್ಲುವ ಜಾತಿಗಳ ಪಟ್ಟಿಯಲ್ಲಿವೆ. ಹಕ್ಕಿ ಬೀಜ ಒಯ್ಯುತ್ತದೆ, ನಮ್ಮ ಬೇಲಿಯೊಳಗೆ ಇರುತ್ತೆ ಬಿಡಿ ಅನ್ನುವ ಹಾಗಿಲ್ಲ.

ಮಾವು ಹಾಕಬಹುದು, ಹಾಕಿ. ನೀಲಂ ಮತ್ತು ದಶೇರಿ ಕೂಡಿಸಿ ಮಾಡಿದ ನಮ್ಮ ಮಲ್ಲಿಕಾ ಫ್ಲೋರಿಡಾದಲ್ಲಿ ಸಿಗುತ್ತದೆ, ಗಿಡ ತೀರಾ ದೊಡ್ಡದಾಗುವುದಿಲ್ಲ. ಪಿಕರಿಂಗ್, ಜೂಲಿ ಇನ್ನೂ ಗಿಡ್ಡ. ಮೊದಲ ವರ್ಷದಿಂದಲೇ ಕೊಯ್ಲು ಮುಗಿದ ಕೂಡಲೇ ಸವರಿ 12ರಿಂದ 15 ಅಡಿ ಒಳಗೇ ಇಟ್ಟುಕೊಳ್ಳಿ. ಹಣ್ಣು ಕೈಗೆ ಸಿಗುತ್ತದೆ, ಗಾಳಿಗೆ ಸಿಗುವ ತಲೆಯೂ ಚಿಕ್ಕದು. ಚಳಿ ಬಂದರೆ ಹೊದಿಕೆ ಹಾಕಲೂ ಆಗುತ್ತದೆ. ಬೆಣ್ಣೆಹಣ್ಣಿನ ಮರ ಗಾಳಿಗೆ ತೀರಾ ಮೆತ್ತಗೆ, ನೀರು ನಿಂತರಂತೂ ಎರಡೇ ದಿನಕ್ಕೆ ಬೇರು ಸಾಯುತ್ತದೆ. ಟ್ಯಾಂಪಾದ ತಗ್ಗು ಜಾಗಕ್ಕೆ ಬೇಡ. ನುಗ್ಗೆ ಮುರಿಯುತ್ತದೆ ಅಂತ ಚಿಂತೆ ಬೇಡ. ಜೂನ್ ಒಂದಕ್ಕೆ ಹರಿಕೇನ್ ಕಾಲ ಶುರುವಾಗುವ ಮೊದಲು ನಿಮ್ಮ ಎದೆಯ ಮಟ್ಟಕ್ಕೆ ಕಡಿದುಬಿಡಿ, ಮತ್ತೆ ಚಿಗುರಿ ಸೊಪ್ಪು ಕೊಡುತ್ತದೆ.

ಕರಿಬೇವಿನ ಬಗ್ಗೆ ಒಂದು ಗಂಭೀರ ಮಾತು. ಬೇರೆ ರಾಜ್ಯದ ಗೆಳೆಯರಿಂದ ಗಿಡ ತರಿಸಬೇಡಿ, ನೀವೂ ಕಳಿಸಬೇಡಿ. ಫ್ಲೋರಿಡಾದ ಕಿತ್ತಳೆ ತೋಟಗಳನ್ನು 2005ರಿಂದ ಹಾಳುಮಾಡುತ್ತಿರುವ ಗ್ರೀನಿಂಗ್ ರೋಗವನ್ನು ಹರಡುವ ಸಣ್ಣ ಕೀಟ ಕರಿಬೇವಿನ ಎಲೆಯ ಮೇಲೂ ಬದುಕುತ್ತದೆ. ಅದಕ್ಕೇ ಗಿಡ ಸಾಗಿಸಲು ನಿರ್ಬಂಧ ಇದೆ. ಪರವಾನಗಿ ಇರುವ ಇಲ್ಲಿನ ನರ್ಸರಿಯಲ್ಲೇ ಕೊಳ್ಳಿ.

ನರ್ಸರಿಯಲ್ಲಿ ಮಂಡಿಯೂರಿ ನೋಡಿ

ಎಲ್ಲರೂ ಎತ್ತರ ನೋಡಿ ಕೊಳ್ಳುತ್ತಾರೆ. ನೀವು ಬುಡ ನೋಡಿ. ಕುಂಡದ ಮೇಲಿನ ಮಣ್ಣು ಬೆರಳಿನಿಂದ ಸರಿಸಿ. ಕಾಂಡ ಅಗಲವಾಗಿ ಬೇರಾಗಿ ಹರಡುವ ಜಾಗ ಒಂದೆರಡು ಇಂಚಿನೊಳಗೆ ಸಿಗಬೇಕು. ಕಾಂಡ ಕಂಬದ ಹಾಗೆ ನೇರ ಮಣ್ಣಿಗೆ ಇಳಿದಿದ್ದರೆ ಗಿಡವನ್ನು ಆಳವಾಗಿ ಹೂತಿದ್ದಾರೆ ಅಂತ ಅರ್ಥ. ಆಮೇಲೆ ಕುಂಡದಿಂದ ಸ್ವಲ್ಪ ಹೊರಗೆಳೆದು ತೋರಿಸಿ ಅನ್ನಿ, ಒಳ್ಳೇ ನರ್ಸರಿಯವರು ಬೇಡ ಅನ್ನುವುದಿಲ್ಲ. ಬೇರು ಕುಂಡದ ಗೋಡೆಗುಂಟ ಚಕ್ಕುಲಿಯ ಹಾಗೆ ಸುತ್ತಿಕೊಂಡಿದ್ದು, ಆ ಸುತ್ತು ಪೆನ್ಸಿಲ್‌ಗಿಂತ ದಪ್ಪ ಆಗಿದ್ದರೆ ಆ ಗಿಡ ಪುಕ್ಕಟೆ ಕೊಟ್ಟರೂ ಬೇಡ. ಆ ಬೇರು ನೆಲಕ್ಕೆ ಹೋದ ಮೇಲೂ ಸುತ್ತುತ್ತಲೇ ಇರುತ್ತದೆ, ಹೊರಕ್ಕೆ ಹರಡುವುದಿಲ್ಲ. ಹತ್ತು ಹದಿನೈದು ವರ್ಷ ಮೇಲೆಲ್ಲ ಹಸಿರಾಗಿ ಚೆನ್ನಾಗಿ ಕಾಣುತ್ತದೆ, ಒಂದು ದೊಡ್ಡ ಗಾಳಿಗೆ ಬುಡದಿಂದಲೇ ಕಳಚಿ ಮಲಗುತ್ತದೆ.

ಬುಡ ಸರಿಯಿದ್ದರೆ ಮೇಲಕ್ಕೆ ನೋಡಿ. ದೊಡ್ಡದಾಗುವ ಮರಕ್ಕೆ ಒಂದೇ ನಡುಕಾಂಡ ತುದಿವರೆಗೂ ಹೋಗಿರಬೇಕು. ಎರಡಾಗಿ ಕವಲೊಡೆದು, ಕವಲು ಅಗಲವಾಗಿ ತೆರೆದುಕೊಳ್ಳದೆ ಒತ್ತಿಕೊಂಡಿದ್ದರೆ ಮೊದಲು ಹೇಳಿದ ಸೀಳುವ ಮರ ಅದೇ. ಫ್ಲೋರಿಡಾದಲ್ಲಿ ನರ್ಸರಿ ಗಿಡಗಳಿಗೆ ದರ್ಜೆ ಇದೆ. ಫ್ಲೋರಿಡಾ ಫ್ಯಾನ್ಸಿ ಅಥವಾ ಫ್ಲೋರಿಡಾ ನಂಬರ್ 1 ಕೇಳಿ.

ಗಾತ್ರದ ವಿಷಯಕ್ಕೆ ಬಂದರೆ, ದೊಡ್ಡ ಗಿಡ ತಂದರೆ ಬೇಗ ನೆರಳು ಸಿಗುತ್ತೆ ಅಂತ ಅನಿಸುವುದು ಸಹಜ. ಆದರೆ ಹೊಸ ಗಿಡ ಬೇರು ಊರಲು ಕಾಂಡದ ಪ್ರತಿ ಇಂಚು ದಪ್ಪಕ್ಕೆ ಸುಮಾರು 3ರಿಂದ 4 ತಿಂಗಳು ತಗೊಳ್ಳುತ್ತದೆ. ಒಂದೂವರೆ ಇಂಚಿನ ಗಿಡ ಡಿಸೆಂಬರ್‌ನಲ್ಲಿ ನೆಟ್ಟರೆ ಮುಂದಿನ ಹರಿಕೇನ್ ಕಾಲದ ಹೊತ್ತಿಗೆ ತಕ್ಕಮಟ್ಟಿಗೆ ಹಿಡಿತ ಸಿಕ್ಕಿರುತ್ತದೆ. ನಾಲ್ಕು ಇಂಚಿನದು ಆಗಲೂ ಗೂಟದ ಮೇಲೇ ನಿಂತಿರುತ್ತದೆ. ಸಣ್ಣದೇ ತನ್ನಿ, ದುಡ್ಡೂ ಉಳಿಯುತ್ತದೆ.

ನೆಡುವುದು, ಆಮೇಲಿನ ಎರಡು ಮೂರು ವರ್ಷ

ಓಕ್, ಮ್ಯಾಗ್ನೋಲಿಯಾ, ಹಾಲಿ, ಸೈಪ್ರೆಸ್, ಕ್ರೇಪ್ ಮರ್ಟಲ್‌ಗೆ ನವೆಂಬರ್‌ನಿಂದ ಫೆಬ್ರವರಿ ಒಳ್ಳೆಯದು. ಮಾವು, ಗಂಬೋ ಲಿಂಬೋ ಥರದ ಚಳಿ ತಡೆಯದವನ್ನು ಮಾರ್ಚ್ ಕಳೆದ ಮೇಲೆ ನೆಡಿ, ಎಳೇ ಗಿಡ ಒಂದು ರಾತ್ರಿಯ ಹಿಮಕ್ಕೂ ಹೋಗಿಬಿಡುತ್ತದೆ.

ಗುಂಡಿ ಅಗಲವಾಗಿರಲಿ, ಆಳ ಬೇಡ. ಬೇರಿನ ಮುದ್ದೆಯ ಒಂದೂವರೆಯಿಂದ ಎರಡು ಪಟ್ಟು ಅಗಲ, ಆಳ ಮುದ್ದೆಯ ಎತ್ತರಕ್ಕಿಂತ ಸ್ವಲ್ಪ ಕಡಿಮೆ. ಇಳಿಸುವ ಮೊದಲು ಹರಿತವಾದ ಗರಗಸದಲ್ಲಿ ಮುದ್ದೆಯ ಹೊರಗಿನ ಒಂದು ಇಂಚು ಸುತ್ತಲೂ ಕೆತ್ತಿ ತೆಗೆಯಿರಿ. ಪಾಪ ಅನಿಸುತ್ತದೆ, ಆದರೆ ಸುತ್ತುವ ಸಣ್ಣ ಬೇರುಗಳೆಲ್ಲ ಹೋಗಿ ಹೊಸವು ನೇರ ಹೊರಕ್ಕೆ ಬರುತ್ತವೆ. ಇಟ್ಟ ಮೇಲೆ ಬೇರು ಹರಡುವ ಜಾಗ ನೆಲದಿಂದ ಒಂದೆರಡು ಇಂಚು ಮೇಲೆ ಕಾಣಬೇಕು. ತೆಗೆದ ಮಣ್ಣನ್ನೇ ವಾಪಸ್ ತುಂಬಿ, ಚೀಲದ ಗೊಬ್ಬರ ಮಣ್ಣು ಗುಂಡಿಗೆ ಸುರಿಯಬೇಕಿಲ್ಲ. ಸುತ್ತ ಪಾತಿ ಕಟ್ಟಿ. ಮೇಲೆ ಎರಡು ಮೂರು ಇಂಚು ಮಲ್ಚ್ (ಮರದ ಚೂರಿನ ಹೊದಿಕೆ), ಕಾಂಡಕ್ಕೆ ತಾಗದ ಹಾಗೆ. ಇಲ್ಲಿನ ಲಾನ್ ಕಂಪನಿಗಳು ಕಾಂಡಕ್ಕೆ ಒತ್ತಿ ಗುಡ್ಡೆ ಹಾಕಿ ಹೋಗುತ್ತಾರೆ, ತೊಗಟೆ ಕೊಳೆಯುತ್ತದೆ, ನೀವೇ ಕೈಯಿಂದ ಸರಿಸಿಬಿಡಿ.

ನೀರು: ಎರಡು ಇಂಚಿಗಿಂತ ತೆಳು ಗಿಡಕ್ಕೆ ಮೊದಲ ಎರಡು ವಾರ ದಿನಾ, ಆಮೇಲೆ ಎರಡು ತಿಂಗಳು ದಿನ ಬಿಟ್ಟು ದಿನ, ಅಲ್ಲಿಂದ ಬೇರು ಊರುವವರೆಗೆ ವಾರಕ್ಕೊಮ್ಮೆ. ಪ್ರತಿ ಸಲ ಕಾಂಡದ ಒಂದು ಇಂಚಿಗೆ 2ರಿಂದ 3 ಗ್ಯಾಲನ್ ಬುಡಕ್ಕೇ ಹಾಕಬೇಕು. ಹುಲ್ಲಿನ ಸ್ಪ್ರಿಂಕ್ಲರ್ ಇದೆಯಲ್ಲ ಅಂತ ಬಿಡಬೇಡಿ. ಅದು ಮೇಲಿನ ಮಣ್ಣು ಮಾತ್ರ ನೆನೆಸುತ್ತದೆ.

ಗೂಟ ಕೊಟ್ಟಿದ್ದರೆ ಒಂದು ವರ್ಷಕ್ಕೆ ತೆಗೆದುಬಿಡಿ. ಗಾಳಿಗೆ ಅಲ್ಲಾಡಿದರೇ ಕಾಂಡ ದಪ್ಪವಾಗುವುದು, ಪಟ್ಟಿ ಹಾಗೇ ಬಿಟ್ಟರೆ ತೊಗಟೆಯನ್ನೇ ಕತ್ತರಿಸುತ್ತದೆ.

ದೊಡ್ಡ ಮರವಾಗುವ ಗಿಡಕ್ಕೆ ಎರಡನೇ ಅಥವಾ ಮೂರನೇ ವರ್ಷ ಸರ್ಟಿಫೈಡ್ ಅರ್ಬರಿಸ್ಟ್ (ಮರಗಳ ಆರೈಕೆಯ ತಜ್ಞ) ಒಬ್ಬರನ್ನು ಕರೆಸಿ ನಡುಕಾಂಡಕ್ಕೆ ಪೈಪೋಟಿ ಕೊಡುವ ಕೊಂಬೆಗಳನ್ನು ಕಡಿಮೆ ಮಾಡಿಸಿ, ಆಮೇಲೆ ಎರಡು ಮೂರು ವರ್ಷಕ್ಕೊಮ್ಮೆ ಅದೇ ಕೆಲಸ. ಎಳೇ ಮರದಲ್ಲಿ ಇದು ಕೈಗರಗಸದ ಕೆಲಸ, ಕಡಿಮೆ ಖರ್ಚು. ಹರಿಕೇನ್ ಬರುತ್ತಿದೆ ಅಂತ ಲಾರಿಯಲ್ಲಿ ಬಾಗಿಲು ಬಡಿಯುವವರಿಂದ ಮಾಡಿಸಬೇಡಿ. ಅವರು ಒಳಗಿನ ಕೊಂಬೆಗಳನ್ನೆಲ್ಲ ತೆಗೆದು ತುದಿಯಲ್ಲಿ ಮಾತ್ರ ಸೊಪ್ಪು ಬಿಡುತ್ತಾರೆ, ಭಾರವೆಲ್ಲ ತುದಿಗೆ ಹೋಗಿ ಇನ್ನೂ ಸುಲಭವಾಗಿ ಮುರಿಯುತ್ತದೆ. ಪಾಮ್ ಗರಿಗಳನ್ನೂ ಮೇಲಕ್ಕೆ ಎರಡು ಮೂರು ಮಾತ್ರ ಉಳಿಸಿ ಬೋಳಿಸುತ್ತಾರೆ. ಗಡಿಯಾರದಲ್ಲಿ 9 ಮತ್ತು 3ರ ಗೆರೆ ನೆನೆಸಿಕೊಳ್ಳಿ, ಅದರ ಮೇಲಿರುವ ಯಾವ ಹಸಿರು ಗರಿಯನ್ನೂ ಮುಟ್ಟಿಸಬೇಡಿ. ಯಾರನ್ನೇ ಕರೆದರೂ ಕೆಲಸ ಶುರುವಾಗುವ ಮೊದಲು ಇನ್ಶೂರೆನ್ಸ್ ಪತ್ರ ಕೇಳಿ ನೋಡಿ, ಏನು ಕಡಿಯುತ್ತಾರೆ ಅಂತ ಬರೆಸಿಕೊಳ್ಳಿ, ಕೆಲಸ ಮುಗಿಯುವ ಮೊದಲು ಪೂರ್ತಿ ದುಡ್ಡು ಕೊಡಬೇಡಿ.